ಮಿಠಾಯಿ ಕಂಡರೆ ಓಡಬೇಡಿ

ಕಿತ್ತೂರಿನ ಕಡೆ ಕಬ್ಬಿನ ಹೊಲದಲ್ಲಿ ಚಿರತೆ ಕಂಡಿದೆಯಂತೆ ಎಂಬ ಸುದ್ದಿ, ಯರಗಟ್ಟಿಯ ಹೊರಗಿರುವ ನಮ್ಮ ಹೆಣ್ಣುಮಕ್ಕಳ ವಸತಿ ಶಾಲೆಗೆ ಒಂದು ಮಧ್ಯಾಹ್ನ ಬಂತು. ಚಿರತೆಗೆ ಅಷ್ಟು ದೂರ ನಡೆದು ಬರಲು ಎಷ್ಟು ದಿನ ಬೇಕೋ ಗೊತ್ತಿಲ್ಲ, ಸುದ್ದಿಗೆ ಎರಡು ತಾಸು ಸಾಕಾಯಿತು. ಮರುದಿನ ಅರಣ್ಯ ಇಲಾಖೆಯ ಕರಪತ್ರವೂ ಬಂತು. ಅದನ್ನು ಊಟದ ಮನೆಯ ಗೋಡೆಗೆ ಅಂಟಿಸುವ ಕೆಲಸ ನನ್ನ ಪಾಲಿಗೆ ಬಿತ್ತು. ನಾನು ಶಾಲೆಯ ನರ್ಸು. ಅಂಟುವ ಪಟ್ಟಿ ಎಂಬುದು ಅಲ್ಲಿ ಇರುವುದೇ ನನ್ನ ಹತ್ತಿರ. ಗಾಯಕ್ಕೆ ಹಾಕುವ ಪಟ್ಟಿಯಿಂದಲೇ ಚಿರತೆಯನ್ನು ಗೋಡೆಗೆ ಅಂಟಿಸಿದೆ.

ಅದರಲ್ಲಿ ಬರೆದದ್ದು ಇಷ್ಟು: ಓಡಬೇಡಿ. ಬೆನ್ನು ತೋರಿಸಬೇಡಿ. ಎರಡೂ ಕೈ ಮೇಲೆತ್ತಿ ದೊಡ್ಡವರಂತೆ ಕಾಣಿಸಿಕೊಳ್ಳಿ. ನಿಧಾನವಾಗಿ ಹಿಂದೆ ಸರಿಯಿರಿ. ಒಂಟಿಯಾಗಿ ತಿರುಗಬೇಡಿ.

ಕೊನೆಯ ಸಾಲು ಓದಿ ನನಗೆ ನಗು ಬಂತು. ಸಂಜೆ ಐದಕ್ಕೆ ಟೀಚರುಗಳೆಲ್ಲ ಬೈಲಹೊಂಗಲದ ಬಸ್ಸು ಹತ್ತುತ್ತಿದ್ದರು. ಅಡುಗೆಯವರು ಪಾತ್ರೆ ಬೋರಲು ಹಾಕಿ ತಮ್ಮ ಊರಿಗೆ ಹೋಗುತ್ತಿದ್ದರು. ವಾರ್ಡನ್‌ಗೆ ಗಂಡ, ಮಗಳು, ಟಿ.ವಿ. ಎಲ್ಲ ಇತ್ತು. ರಾಮದುರ್ಗದ ಮನೆಯನ್ನು ಬಿಟ್ಟು, ಗಂಡ ತೀರಿದ ಮೇಲೆ ಗುತ್ತಿಗೆಯ ನೌಕರಿ ಹಿಡಿದು ಬಂದ ನಾನು, ಔಷಧಿ ಕೋಣೆಯ ಹಿಂದಿನ ಒಂದು ಖೋಲಿಯಲ್ಲಿ ಇದ್ದೆ. ಒಂಟಿಯಾಗಿ ತಿರುಗಬೇಡಿ ಎಂದರೆ ನಾನು ಯಾರ ಜೋಡಿ ತಿರುಗಲಿ?

ನನ್ನ ದಿನ ಶುರುವಾಗುತ್ತಿದ್ದದ್ದು ಒಬ್ಬ ಹುಡುಗಿಯಿಂದ. ಆರನೇ ಇಯತ್ತೆಯಲ್ಲಿ ಓದುವವಳು, ಮುರಗೋಡದ ಹತ್ತಿರದ ಹಳ್ಳಿಯವಳು. ಮಕ್ಕಳಿಗೆ ಬರುವ ಸಕ್ಕರೆ ಕಾಯಿಲೆ ಅವಳಿಗಿತ್ತು. ಬೆಳಿಗ್ಗೆ ಏಳಕ್ಕೆ ಬಂದು ಬೆರಳು ಚಾಚುತ್ತಿದ್ದಳು. ಒಂದು ಹನಿ ರಕ್ತ ತೆಗೆದು ಯಂತ್ರದಲ್ಲಿ ನೋಡಿ, ಇನ್ಸುಲಿನ್ ಅಳೆದು ಹೊಟ್ಟೆಗೋ ತೊಡೆಗೋ ಚುಚ್ಚಬೇಕು. ಸಂಜೆ ಮತ್ತೊಮ್ಮೆ. ನಮ್ಮಲ್ಲಿ ಕರೆಂಟು ಹೋದರೆ ಫ್ರಿಜ್ಜು ಬರಿ ಕಪಾಟು, ಹೀಗಾಗಿ ಇನ್ಸುಲಿನ್ ಬಾಟಲಿಯನ್ನು ಒದ್ದೆ ಉಸುಕಿನಲ್ಲಿ ಹುಗಿದ ಮಣ್ಣಿನ ಕುಡಿಕೆಯಲ್ಲಿ ಇಡುತ್ತಿದ್ದೆ. ಕುಡಿಕೆಗೆ ದಿನಾ ನೀರು ಚಿಮುಕಿಸುವುದು ಅವಳ ಕೆಲಸ.

ಈ ಕಾಯಿಲೆಯಲ್ಲಿ ಸಕ್ಕರೆ ಏರಿದರೆ ನಿಧಾನವಾಗಿ ಕೆಡುತ್ತದೆ, ಇಳಿದರೆ ತಾಸಿನೊಳಗೆ ಜೀವಕ್ಕೇ ಕುತ್ತು ಬರುತ್ತದೆ. ಇಂಜೆಕ್ಷನ್ ತೆಗೆದುಕೊಂಡು ಊಟ ತಡವಾದರೆ, ಹೆಚ್ಚು ಓಡಿದರೆ, ಇಳಿಯುತ್ತದೆ. ಕೈ ನಡುಗುತ್ತದೆ, ಬೆವರುತ್ತದೆ, ಬುದ್ಧಿ ಮಂಕಾಗುತ್ತದೆ. ಆಗ ತಕ್ಷಣ ಸಿಹಿ ತಿನ್ನಬೇಕು. ಅದಕ್ಕೆಂದೇ ನಾಲ್ಕು ಪೆಪ್ಪರಮಿಂಟನ್ನು ಒಂದು ಪೊಟ್ಟಣದಲ್ಲಿ ಕಟ್ಟಿ ಅವಳ ಲಂಗದ ಕಿಸೆಯಲ್ಲಿ ಇಟ್ಟಿದ್ದೆ. ಜೂನ್ ತಿಂಗಳಲ್ಲಿ ಒಮ್ಮೆ ಕೂರಿಸಿಕೊಂಡು ಹೇಳಿಯೂ ಇದ್ದೆ. ಒಮ್ಮೆ ಹೇಳಿದರೆ ಸಾಕು ಅಂದುಕೊಂಡಿದ್ದೆ.

ಅವಳ ಕಷ್ಟ ಸೂಜಿಯದಾಗಿರಲಿಲ್ಲ. ಹಾಸ್ಟೆಲ್ಲಿನಲ್ಲಿ ವಾರಕ್ಕೆ ಒಂದಾದರೂ ಹುಟ್ಟುಹಬ್ಬ ಬರುತ್ತದೆ. ಚಾಕಲೇಟು ಹಂಚುತ್ತ ಬಂದವಳು ಇವಳ ಮುಂದೆ ನಿಲ್ಲುತ್ತಿದ್ದಂತೆ ನಾಲ್ಕು ದನಿ ಒಟ್ಟಿಗೆ ಏಳುತ್ತಿದ್ದವು: "ಏ, ಆಕಿಗೆ ಕೊಡಬ್ಯಾಡ, ಆಕಿಗೆ ಶುಗರ್ ಐತಿ!" ಕೆಡುಕಿನಿಂದ ಹೇಳಿದ್ದಲ್ಲ, ಕಾಳಜಿಯೇ. ಆದರೆ ಆ ಕಾಳಜಿಯ ನಡುವೆ ಅವಳೊಬ್ಬಳೇ ಎದ್ದು ಹೋಗಿ ಕಾರಿಡಾರಿನ ಕಂಬಕ್ಕೆ ಆತು ಕೂರುತ್ತಿದ್ದಳು. ಔಷಧಿ ಕೋಣೆಯ ಕಿಟಕಿಯಿಂದ ಆ ಕಂಬ ಕಾಣುತ್ತಿತ್ತು. ಒಂಟಿ ಇರುವವರಿಗೆ ಇನ್ನೊಬ್ಬ ಒಂಟಿಯ ಗುರುತು ಬೇಗ ಸಿಗುತ್ತದೆ.

ಹೀಗಾಗಿ ಕರಪತ್ರ ಅಂಟಿಸಿದ ಮರುದಿನ, ಜ್ವರದ ಹುಡುಗಿಯರಿಲ್ಲದ ಒಂದು ಮಧ್ಯಾಹ್ನ, ಅದರ ಪಕ್ಕಕ್ಕೆ ನಾನೊಂದು ಚಾರ್ಟು ಬರೆದೆ. ಇವಳೊಬ್ಬಳೇ ಯಾಕೆ ಮಿಠಾಯಿಗೆ ಹೆದರಬೇಕು, ಹೆದರುವುದಾದರೆ ಅರವತ್ತು ಮಂದಿಯೂ ಹೆದರಲಿ, ನಕ್ಕು ಹೆದರಲಿ, ಎಂಬುದು ನನ್ನ ಲೆಕ್ಕ. ಮೇಲೆ ಕೆಂಪು ಶಾಯಿಯಲ್ಲಿ ಬರೆದೆ: "ಎಚ್ಚರಿಕೆ! ಈ ಭಾಗದಲ್ಲಿ ಮಿಠಾಯಿಗಳ ಸಂಚಾರವಿದೆ."

ಕೆಳಗೆ ಒಂದೊಂದು ಪ್ರಾಣಿಯ ವಿವರ. "ಪೆಪ್ಪರಮಿಂಟು: ಸಣ್ಣ ಪ್ರಾಣಿ, ಹಿಂಡಿನಲ್ಲಿ ವಾಸ. ಅಂಗಡಿಯ ಗಾಜಿನ ಬರಣಿ ಇದರ ಗುಹೆ. ಒಂದು ಕಂಡರೆ ಉಳಿದವು ಹತ್ತಿರವೇ ಹೊಂಚು ಹಾಕಿವೆ ಎಂದು ತಿಳಿಯಿರಿ. ಚಾಕಲೇಟು: ಹೊಳೆಯುವ ಪೊರೆಯುಳ್ಳದ್ದು. ತಲೆದಿಂಬಿನ ಕೆಳಗೆ ಪೊರೆ ಸಿಕ್ಕರೆ ಪ್ರಾಣಿ ಈಗಷ್ಟೇ ಹೊಟ್ಟೆಯೊಳಗೆ ಹೋಗಿದೆ, ವಾರ್ಡನ್‌ಗೆ ತಿಳಿಸಿ. ಕರದಂಟು: ಮೊಸಳೆಯ ಜಾತಿ. ಹಲ್ಲು ಹಿಡಿದರೆ ಬಿಡುವುದಿಲ್ಲ. ಕುಂದಾ: ಬೆಳಗಾವಿಯಿಂದ ಬರುವ ನೆಂಟರ ಚೀಲದಲ್ಲಿ ಅಡಗಿ ಪ್ರಯಾಣ ಮಾಡುತ್ತದೆ. ನೆಂಟರನ್ನು ಮೊದಲು ಒಳಗೆ ಬಿಡಿ, ಚೀಲವನ್ನು ಹೊರಗೆ ನಿಲ್ಲಿಸಿ. ಬಾಂಬೆ ಮಿಠಾಯಿ: ಗುಲಾಬಿ ಬಣ್ಣದ ಜೂಲು. ನೋಡಲು ಮೊಲದಂತೆ ಮೆತ್ತಗೆ. ಈ ವೇಷಕ್ಕೆ ಮರುಳಾಗಿ ಬಾಯಿ ಕಳೆದುಕೊಂಡವರು ಬಹಳ."

ಕೊನೆಗೆ ನಿಯಮಗಳು. ಓಡಬೇಡಿ, ಓಡಿದರೆ ಅಂಗಡಿಯ ಕಡೆಗೇ ಓಡುತ್ತೀರಿ. ಬಾಯಿ ಬಿಗಿಯಾಗಿ ಮುಚ್ಚಿಕೊಳ್ಳಿ. ಎರಡೂ ಕೈ ಮೇಲೆತ್ತಿ ನಿಲ್ಲಿ. ಕಣ್ಣು ತಪ್ಪಿಸದೆ ಹಿಂದೆ ಸರಿಯಿರಿ. ಎಷ್ಟೇ ಸಾಕಿದ ಪ್ರಾಣಿಯಂತೆ ಕಂಡರೂ ನಂಬಬೇಡಿ. ಈ ನಿಯಮಕ್ಕೆ ವಿನಾಯಿತಿ ಇಲ್ಲ.

ಇಲ್ಲಿ ಒಂದು ಮಾತು ಒಪ್ಪಿಕೊಳ್ಳಬೇಕು. ಕೈ ನಡುಗಿದಾಗ ಸಿಹಿ ತಿನ್ನಲೇಬೇಕು ಎಂಬ ಸಾಲನ್ನು ಕೆಳಗೆ ಸೇರಿಸಬೇಕೆಂದು ನನಗೆ ಹೊಳೆದಿತ್ತು. ಜಾಗವೂ ಇತ್ತು. ನಗೆಯ ಕೊನೆಗೆ ಔಷಧಿಯ ಮಾತು ಬಂದರೆ ನಗೆ ಕೆಡುತ್ತದೆ ಎಂದು ಬಿಟ್ಟೆ.

ಚಾರ್ಟು ಓಡಿತು ನೋಡಿ! ಊಟದ ಮನೆಯ ಮುಂದೆ ಗುಂಪು ಕರಗಲೇ ಇಲ್ಲ. ಗೌರಿ ಹುಣ್ಣಿಮೆಗೆ ಒಬ್ಬಳ ಮನೆಯಿಂದ ಸಕ್ಕರೆ ಆರತಿ ಬಂತು. ನಮ್ಮ ಕಡೆ ಸಕ್ಕರೆ ಪಾಕವನ್ನು ಕಟ್ಟಿಗೆಯ ಅಚ್ಚಿಗೆ ಸುರಿದು ಆನೆ, ಕುದುರೆ, ನವಿಲು, ತೇರು ಮಾಡಿ ಗೌರಿಗೆ ಬೆಳಗುತ್ತಾರಲ್ಲ, ಅವು. ಪೊಟ್ಟಣ ಬಿಚ್ಚಿದ್ದೇ ತಡ, ಬಿಳಿ ಆನೆಯೊಂದು ಹೊರಗೆ ಇಣುಕಿತು. ಅರವತ್ತು ಹುಡುಗಿಯರು ಬಾಯಿ ಮುಚ್ಚಿ, ಕೈ ಎತ್ತಿ, ಹಿಂದೆ ಹಿಂದೆ ಸರಿದು, ಬೆಂಚಿಗೆ ಎಡವಿ ಬಿದ್ದು ನಕ್ಕರು. ಆಮೇಲೆ ಐವತ್ತೊಂಬತ್ತು ಮಂದಿ ಆ ಆನೆಯನ್ನು ಚೂರು ಮಾಡಿ ತಿಂದರೆನ್ನಿ. ಆದರೆ ನನ್ನ ಹುಡುಗಿ ಅಂದು ಎದ್ದು ಕಂಬದ ಹತ್ತಿರ ಹೋಗಲಿಲ್ಲ. ಎಲ್ಲರಿಗಿಂತ ಎತ್ತರಕ್ಕೆ ಕೈ ಎತ್ತಿದ್ದವಳು ಅವಳೇ.

"ಅಕ್ಕಾರ, ಇನ್ನೊಂದ ಬರೀರಿ!" ಎಂದು ಹುಡುಗಿಯರು ನನ್ನ ಬೆನ್ನು ಹತ್ತಿದರು. ಆರು ವರ್ಷದಲ್ಲಿ ಯಾರೂ ನನ್ನನ್ನು ಔಷಧಿ ಬಿಟ್ಟು ಬೇರೇನೂ ಕೇಳಿರಲಿಲ್ಲ. ಹಿಗ್ಗಿ ಹೀರೇಕಾಯಿಯಾದೆ. ಇನ್ನೆರಡು ಪ್ರಾಣಿ ಸೇರಿಸಿದೆ. ಬಿಟ್ಟ ಸಾಲನ್ನು ಮಾತ್ರ ಸೇರಿಸಲಿಲ್ಲ.

ಡಿಸೆಂಬರಿನಲ್ಲಿ ನವಿಲುತೀರ್ಥದ ಅಣೆಕಟ್ಟಿಗೆ ಪ್ರವಾಸ ನಿಗದಿಯಾಯಿತು. ಹಿಂದಿನ ದಿನ ಬೈಲಹೊಂಗಲದ ಡಾಕ್ಟರಿಗೆ ಫೋನು ಮಾಡಿ, ನಡೆದಾಟ ಹೆಚ್ಚು ಎಂದು ತಿಳಿಸಿ, ಬೆಳಗಿನ ಇನ್ಸುಲಿನ್ ಎರಡು ಯೂನಿಟ್ ಇಳಿಸಿದೆ. ಯಂತ್ರ, ಅದಕ್ಕೆ ಹಾಕುವ ಪಟ್ಟಿಗಳು, ಗ್ಲೂಕೋಸ್ ಪುಡಿ, ಚಮಚ ಎಲ್ಲ ನನ್ನ ಚೀಲದಲ್ಲಿದ್ದವು. ಹುಡುಗಿಗೆ "ಪೊಟ್ಟಣ ಐತಿಲ್ಲ?" ಎಂದು ಕೇಳಿದೆ. "ಐತ್ರಿ" ಎಂದಳು. ಕಿಸೆ ಮುಟ್ಟಿ ನೋಡಲಿಲ್ಲ.

ಏಳೂವರೆಗೆ ಅವಲಕ್ಕಿ ತಿಂದು, ಬಸ್ಸು ತಡವಾಗಿ ಬಂದದ್ದರಿಂದ ಹತ್ತಕ್ಕೆ ಹೊರಟೆವು. ಮುನವಳ್ಳಿಗೆ ಮುಂಚೆ ಬಸ್ಸಿನ ಗಾಲಿ ಪಂಕ್ಚರಾಗಿ ಒಂದೂವರೆ ತಾಸು ರಸ್ತೆಯಲ್ಲೇ ಹೋಯಿತು. ಹುಡುಗಿಯರಿಗೆ ಅದೂ ಪ್ರವಾಸವೇ, ಹೊಲದ ಬದುವಿನಲ್ಲಿ ಮುಟ್ಟಾಟ ಆಡಿದರು. ಅವಳೂ ಓಡಿದಳು. ಹನ್ನೊಂದಕ್ಕೆ ಎರಡು ಬಿಸ್ಕೀಟು ಕೊಟ್ಟೆ. ಅಣೆಕಟ್ಟು ಮುಟ್ಟುವಷ್ಟರಲ್ಲಿ ಹನ್ನೆರಡೂವರೆ. ಮೊದಲು ಊಟ ಮಾಡೋಣ ಎಂದೆ. ಮೊದಲು ನೋಡಿಬಿಡೋಣ, ಆಮೇಲೆ ನೆರಳಿಗೆ ಕೂತು ರೊಟ್ಟಿ ಬಿಚ್ಚೋಣ ಎಂದರು ಟೀಚರುಗಳು. ನಾನು ಎರಡನೇ ಸಲ ಹೇಳಲಿಲ್ಲ. ಬಸ್ಸಿನಲ್ಲಿ ವಾಂತಿಯಾದ ಚಿಕ್ಕವಳೊಬ್ಬಳಿಗೆ ಮುಖ ತೊಳೆಸುತ್ತ ಹಿಂದೆ ಉಳಿದೆ.

ಮುಂದಿನಿಂದ ಜೋರು ನಗು ಕೇಳಿತು. ನೋಡಿದರೆ, ಬಾಂಬೆ ಮಿಠಾಯಿ ಮಾರುವವನು ಕೋಲಿಗೆ ಗುಲಾಬಿ ಚೀಲಗಳನ್ನು ತೂಗಿಸಿ ನಿಂತಿದ್ದಾನೆ. ಅವನೆದುರು ನನ್ನ ಹುಡುಗಿ ಎರಡೂ ಕೈ ಮೇಲೆತ್ತಿ, ಬಾಯಿ ಬಿಗಿಹಿಡಿದು ನಿಂತಿದ್ದಾಳೆ. ಸುತ್ತ ಹುಡುಗಿಯರು ಚಪ್ಪಾಳೆ ತಟ್ಟುತ್ತಿದ್ದಾರೆ. ಮಿಠಾಯಿಯವನೂ ನಗುತ್ತಿದ್ದಾನೆ. ನಾನೂ ನಕ್ಕೆ. ಈ ಮಾತನ್ನು ಬರೆಯಲು ಈಗಲೂ ನನಗೆ ನಾಚಿಕೆ.

ಅವಳು ಹಿಂದೆ ಸರಿಯಲಿಲ್ಲ. ನಿಂತೇ ಇದ್ದಳು. ಚಪ್ಪಾಳೆ ನಿಂತ ಮೇಲೂ ಕೈ ಇಳಿಸಲಿಲ್ಲ. ಆಗ ಎತ್ತಿದ ಬೆರಳುಗಳು ನಡುಗುತ್ತಿದ್ದದ್ದು ಕಾಣಿಸಿತು. ಚಳಿಗಾಲದ ಗಾಳಿಯಲ್ಲಿ ಹಣೆಯಿಂದ ಬೆವರು ಇಳಿಯುತ್ತಿತ್ತು. ಚಿಕ್ಕವಳನ್ನು ಅಲ್ಲೇ ಬಿಟ್ಟು ಓಡಿದೆ.

ನೆಲಕ್ಕೆ ಕೂರಿಸಿ ಬೆರಳು ಚುಚ್ಚಿದೆ. ಯಂತ್ರ ನಲವತ್ತೆಂಟು ತೋರಿಸಿತು. ಎಪ್ಪತ್ತಕ್ಕಿಂತ ಇಳಿದರೇ ಅಪಾಯ. ಅವಳ ಕಣ್ಣು ತೆರೆದಿತ್ತು, ಗುರುತು ಇರಲಿಲ್ಲ. ಮೂರು ಚಮಚ ಗ್ಲೂಕೋಸ್ ನೀರಿನಲ್ಲಿ ಕಲಸಿ ತುಟಿಗೆ ಹಿಡಿದೆ. ತುಟಿ ಬಿಗಿಯಿತು. "ಕುಡಿಯವ್ವಾ, ನನ್ನವ್ವಾ, ಒಂದ ಗುಟುಕ" ಎಂದೆ. ತಲೆ ಅಲ್ಲಾಡಿಸಿ ಹಿಂದೆ ಸರಿಯಲು ನೋಡಿದಳು. ಹಿಡಿದವರನ್ನು ಒದ್ದಳು. ಸಕ್ಕರೆ ಇಳಿದಾಗ ಮಕ್ಕಳು ಹೀಗೆ ಹಟ ಮಾಡುವುದುಂಟು, ಪುಸ್ತಕದಲ್ಲಿ ಓದಿದ್ದೆ. ಆದರೆ ಈ ಹಟದ ಒಂದೊಂದು ಭಂಗಿಯೂ ನನ್ನ ಚಾರ್ಟಿನದು.

ಅವಳ ಪಕ್ಕದ ಹಾಸಿಗೆಯ ಗೆಳತಿ ಅಳುತ್ತ ಬಂದಳು. "ಆಟಾ ಆಡಾಕತ್ತಾಳ ಅಂತ ತಿಳದ್ವಿರಿ ಅಕ್ಕಾರ. ಏನೂ ಆಗೂದಿಲ್ಲಲ್ಲರಿ?"

ಸರಿಯಾಗಿ ನುಂಗದವರಿಗೆ ನೀರು ಹೊಯ್ದರೆ ಶ್ವಾಸಕ್ಕೆ ಹೋಗುತ್ತದೆ. ಲೋಟ ಬದಿಗಿಟ್ಟು, ಪುಡಿಗೆ ನಾಲ್ಕು ಹನಿ ನೀರು ಹಾಕಿ ಗಟ್ಟಿ ಕಲಸಿದೆ. ಅವಳನ್ನು ಮಗ್ಗುಲಿಗೆ ಮಲಗಿಸಿ, ಬೆರಳಿಗೆ ಅದನ್ನು ಬಳಿದು ಕೆನ್ನೆಯ ಒಳಗೆ, ಒಸಡಿನ ಮೇಲೆ ತಿಕ್ಕಿದೆ. ಬೆರಳು ಕಚ್ಚಿದಳು, ರಕ್ತ ಬರುವ ಹಾಗೆ. ತೆಗೆಯಲಿಲ್ಲ. ಮತ್ತೆ ಬಳಿದೆ, ಮತ್ತೆ ತಿಕ್ಕಿದೆ. ಟೀಚರೊಬ್ಬರು ಆಸ್ಪತ್ರೆಯ ಗಾಡಿಗೆ ಫೋನು ಮಾಡುತ್ತಿದ್ದರು. ನಾನು ಗಡಿಯಾರ ನೋಡುತ್ತಿದ್ದೆ. ಆರನೆಯ ನಿಮಿಷಕ್ಕೆ ದವಡೆ ಸಡಿಲಾಯಿತು. ಹತ್ತನೆಯ ನಿಮಿಷಕ್ಕೆ ತಾನೇ ನುಂಗಿದಳು. ಆಗ ಲೋಟ ಕೊಟ್ಟೆ, ಕುಡಿದಳು. ಹದಿನೈದಕ್ಕೆ ಮತ್ತೆ ಚುಚ್ಚಿದಾಗ ಎಪ್ಪತ್ತೊಂದು. ಕಣ್ಣು ಹೊರಳಿಸಿ ನನ್ನನ್ನು ನೋಡಿ, "ಅಕ್ಕಾರ, ನಿಮ್ಮ ಬಳ್ಳಿಗೆ ಏನಾತ್ರಿ?" ಎಂದಳು. ಬಳ್ಳು ಎಂದರೆ ನಮ್ಮಲ್ಲಿ ಬೆರಳು. ನಾನು ಅಲ್ಲೇ ಎಲ್ಲರೆದುರು ಅತ್ತುಬಿಟ್ಟೆ.

ಸವದತ್ತಿಯ ಆಸ್ಪತ್ರೆಯಲ್ಲಿ ಸಂಜೆಯವರೆಗೆ ಇಟ್ಟುಕೊಂಡರು. ಡಾಕ್ಟರು, ಸಕ್ಕರೆಯ ಅಂಕಿ, ಕಿಸೆಯ ಪೊಟ್ಟಣ ಎಲ್ಲ ಬರೆದಿಟ್ಟ ನನ್ನ ವಹಿ ನೋಡಿ, "ಊಟ ತಡಾ ಆಗೇತಿ, ಅದ ಖರೆ. ಆದರ ಕಿಸೇದಾಗ ಪೆಪ್ಪರಮಿಂಟ ಇದ್ದೂ ಯಾಕ ತಿನ್ನಲಿಲ್ಲ ಈಕಿ?" ಎಂದು ಕೇಳಿದರು. ಗೊತ್ತಿಲ್ಲರಿ ಎಂದೆ. ಅರ್ಧ ಸುಳ್ಳು ಅದು.

ಮರುದಿನ ಅವಳ ಟ್ರಂಕಿನಲ್ಲಿ ಬಟ್ಟೆ ತೆಗೆಯುವಾಗ ಉಳಿದ ಅರ್ಧವೂ ಸಿಕ್ಕಿತು. ಕಂಪಾಸ್ ಪೆಟ್ಟಿಗೆಗೆ ಮೂರು ಸುತ್ತು ದಾರ ಬಿಗಿದಿತ್ತು. ಮೇಲೆ ಒಂದು ಚೀಟಿ: "ಅಪಾಯ. ತೆಗೆಯಬಾರದು." ಒಳಗೆ ನಾನು ಕೊಟ್ಟ ನಾಲ್ಕು ಪೆಪ್ಪರಮಿಂಟು. ಪ್ರವಾಸದ ದಿನ ಅವು ಅವಳ ಕಿಸೆಯಲ್ಲಿ ಇರಲೇ ಇಲ್ಲ. "ಐತ್ರಿ" ಎಂದದ್ದು ಸುಳ್ಳಲ್ಲ, ಟ್ರಂಕಿನಲ್ಲಿ ಭದ್ರವಾಗಿ ಇತ್ತು. ಉಳಿದ ಐವತ್ತೊಂಬತ್ತು ಮಂದಿ ಕೈ ಎತ್ತಿ ನಕ್ಕು ಆಮೇಲೆ ತಿಂದರು. ಅವರಿಗೆ ಅದು ಆಟ. ಹುಟ್ಟುಹಬ್ಬದ ಸಾಲಿನಲ್ಲಿ ತಿಂಗಳುಗಟ್ಟಲೆ ಬಿಟ್ಟುಹೋದವಳಿಗೆ ಅದು ನರ್ಸಿನ ಆಜ್ಞೆ. ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದ್ದೆ ನಾನು.

ಮುಖ್ಯೋಪಾಧ್ಯಾಯಿನಿಯವರು ಕೋಣೆಗೆ ಕರೆದರು. ಕೆಟ್ಟವರಲ್ಲ, ನನ್ನ ಮೇಲೆ ಮಮತೆಯಿದ್ದವರೇ. "ಬಿಸಲಿಗೆ ಚಕ್ಕರ ಬಂತು ಅಂತ ಬರದ ಬಿಡ್ರಿ. ನಿಮ್ಮದು ಗುತ್ತಿಗಿ ನೌಕರಿ, ಸುಮ್ಮನ ಯಾಕ ಮೈಮ್ಯಾಲ ಎಳಕೋತೀರಿ?" ಎಂದರು. ಹುಡುಗಿಯ ಅವ್ವ ಹೊರಗೆ ಬಂದು ಕುಳಿತಿದ್ದರು. ಮಗಳನ್ನು ಶಾಲೆ ಬಿಡಿಸಲು ಬಂದವರು.

ಬಿಸಿಲು ಎಂದು ಬರೆದರೆ ನನ್ನ ನೌಕರಿ ಉಳಿಯುತ್ತಿತ್ತು. ಆದರೆ ಚಳಿಗಾಲದ ಬಿಸಿಲಿಗೇ ಬೀಳುವ ಹುಡುಗಿ ಎಂದಾದರೆ ಆ ತಾಯಿ ಮಗಳನ್ನು ಹೊಸ್ತಿಲು ದಾಟಲು ಬಿಡುವುದುಂಟೇ? ಕಾರಣ ಗೊತ್ತಿಲ್ಲದ ಭಯಕ್ಕೆ ಮದ್ದಿಲ್ಲ. ವಹಿಯಲ್ಲಿ ಇದ್ದದ್ದನ್ನು ಇದ್ದಹಾಗೆ ಬರೆದೆ: ಊಟ ತಡವಾಯಿತು, ಕಿಸೆ ನೋಡಲಿಲ್ಲ, ನಾನು ಬರೆದ ತಮಾಷೆಯ ಚಾರ್ಟನ್ನು ನಂಬಿ ಹುಡುಗಿ ಸಿಹಿ ತಿನ್ನಲಿಲ್ಲ. ಸಹಿ ಹಾಕಿ, ಚಾರ್ಟು ಹರಿದು ತಂದು, ಹೊರಗೆ ಹೋಗಿ ಆ ತಾಯಿಯ ಮುಂದೆ ಕುಳಿತೆ.

"ಮನ್ಯಾಗ ಕುಂದ್ರಸ್ತೀನ್ರಿ," ಎಂದರು ಅವರು, ನಾನು ಬಾಯಿ ತೆರೆಯುವ ಮುಂಚೆಯೇ. "ಸಾಲೀನೂ ಬ್ಯಾಡ, ಏನೂ ಬ್ಯಾಡ. ಕಣ್ಣ ಮುಂದ ಇದ್ದರ ಸಾಕು. ಆಕಿ ಮೈ ಯಾವಾಗ ಹ್ಯಾಂಗ ಮಾಡತೈತೋ ಯಾರಿಗೆ ಗೊತ್ರಿ?"

"ಆಕಿ ಮೈದ ಏನೂ ತಪ್ಪಿಲ್ಲರಿ. ತಪ್ಪ ನಂದು," ಎಂದು ಚಾರ್ಟು ಬಿಚ್ಚಿದೆ. ಅವರಿಗೆ ಓದು ಬರುತ್ತಿರಲಿಲ್ಲ. ಓದಿ ಹೇಳಿದೆ. ಕುಂದಾದ ಸಾಲಿಗೆ ಅವರ ತುಟಿ ಒಂದಿಷ್ಟು ಅರಳಿತು, ವಿನಾಯಿತಿ ಇಲ್ಲ ಎಂಬಲ್ಲಿ ಮುಚ್ಚಿತು.

"ನನ್ನ ಮಗಳು ಹೇಳಿದ ಮಾತ ಕೇಳೂ ಹುಡುಗಿರಿ," ಎಂದರು ಆಮೇಲೆ. "ಅಂಥಾಕಿಗೆ ಹೇಳೂ ಮುಂದ ನೋಡಿ ಹೇಳಬೇಕಿತ್ರಿ ನೀವು."

ಬೈದಿದ್ದರೆ ಹಗುರವಾಗುತ್ತಿತ್ತು. ಹೌದ್ರಿ ಎಂದಷ್ಟೇ ಅಂದೆ. ಅವರು ಹರಿದ ಚಾರ್ಟನ್ನು ನಾಲ್ಕು ಮಡಿಕೆ ಮಾಡಿ ನನ್ನ ಕೈಗೆ ಕೊಟ್ಟರು. "ಇಲ್ಲಿ ಬಿಟ್ಟ ಹೋದರ ನನಗ ನಿದ್ದಿ ಹತ್ತೂದಿಲ್ಲ. ಕರಕೊಂಡ ಹೋಗತೇನಿ. ಆದರ ಸಾಲಿಗೆ ಊರಾಗ ಕಳಸತೇನಿ. ಸೂಜಿ, ಯಂತ್ರ, ಎಲ್ಲಾ ನಮಗ ಕಲಸ್ರಿ. ಕಲಿಯೂತನಾ ನಾ ಏಳೂದಿಲ್ಲ."

ಮೂರು ದಿನ ತಾಯಿ ಮಗಳು ನನ್ನ ಖೋಲಿಯಲ್ಲೇ ಉಳಿದರು. ತಾಯಿಗೆ ಅಂಕಿ ಗುರುತಿಸುವುದು ಬರುತ್ತಿತ್ತು, ಅಷ್ಟೇ ಬೇಕಿತ್ತು. ಸಿರಿಂಜಿನ ಗೆರೆಗಳನ್ನು ಒಂದೊಂದಾಗಿ ತೋರಿಸಿದೆ. ಬದನೆಕಾಯಿಗೆ ನೀರು ಚುಚ್ಚಿ ಅಭ್ಯಾಸ ಮಾಡಿದರು, ಆ ಬದನೆಕಾಯಿಯನ್ನೇ ಸಂಜೆ ಎಣ್ಣೆಗಾಯಿ ಮಾಡಿ ನನಗೆ ಬಡಿಸಿದರು. ನನ್ನ ಒಲೆಯ ಮುಂದೆ ಇನ್ನೊಬ್ಬರು ಕುಳಿತು ರೊಟ್ಟಿ ಬಡಿಯುವ ಸದ್ದು ಕೇಳಿ ಎಷ್ಟೋ ವರ್ಷವಾಗಿತ್ತು.

ಹುಡುಗಿಯದು ಸೂಜಿಗಿಂತ ಕಠಿಣ ಪಾಠ. ಪೆಪ್ಪರಮಿಂಟನ್ನು ಅಂಗೈಯಲ್ಲಿಟ್ಟರೆ ಕೈ ಹಿಂತೆಗೆಯುತ್ತಿದ್ದಳು.

"ವಿನಾಯಿತಿ ಇಲ್ಲ ಅಂತ ನೀವ ಬರದೀರಲ್ಲರಿ?"

"ತಪ್ಪ ಬರದಿದ್ನಿ."

"ನೀವೂ ತಪ್ಪ ಬರೀತೀರೇನ್ರಿ?"

"ಬರೀತೀನಿ. ನಿನ್ನ ಜೀವಾ ಹೋಗೂವಂಥಾ ತಪ್ಪ ಬರದಿದ್ನಿ."

ಅವಳು ನನ್ನ ಪಟ್ಟಿ ಸುತ್ತಿದ ಬೆರಳನ್ನು ನೋಡಿದಳು. ಆಮೇಲೆ, ನಡುಗಿದರೆ ಏನು, ಕಣ್ಣು ಮಂಜಾದರೆ ಏನು, ಎಷ್ಟು ತಿನ್ನಬೇಕು, ಎಷ್ಟು ಹೊತ್ತು ಕಾಯಬೇಕು, ಯಾರಿಗೆ ಹೇಳಬೇಕು ಎಂದು ಒಂದೊಂದನ್ನೇ ನೂರು ಸಲ ಕೇಳಿದಳು. ಬೇಸರಿಸದೆ ನೂರು ಸಲ ಹೇಳಿದೆ. ಮೂರನೆಯ ದಿನ ಮಧ್ಯಾಹ್ನ ಊಟಕ್ಕೆ ಮುಂಚೆ ಯಂತ್ರ ಅರವತ್ತಾರು ತೋರಿಸಿತು. ಅವಳ ಅವ್ವ ಎದ್ದೇಬಿಟ್ಟರು. ನಾನು ಸೆರಗು ಹಿಡಿದು ಕೂರಿಸಿದೆ. ಹುಡುಗಿ ತಾನೇ ಕಾಗದ ಬಿಡಿಸಿ, ಒಂದಾದ ಮೇಲೊಂದು ಬಾಯಿಗೆ ಹಾಕಿ ಕಟಕಟ ಅಗಿದು ನುಂಗಿದಳು.

"ಇದರ ರುಚಿ ಮರತ ಹೋಗಿತ್ರಿ," ಎಂದಳು.

ನಾಲ್ಕನೆಯ ದಿನ ಬೆಳಗಿನ ಬಸ್ಸಿಗೆ ಹೋದರು. ಕುಡಿಕೆಯನ್ನೂ ಕೊಟ್ಟು ಕಳಿಸಿದೆ. ನನ್ನ ನೌಕರಿ ಹೋಗಲಿಲ್ಲ, ಒಂದು ಎಚ್ಚರಿಕೆಯ ಕಾಗದ ಬಂತು. ನ್ಯಾಯವಾದದ್ದೇ.

ದಿನಾ ಏಳೂವರೆಗೆ ಮುರಗೋಡದ ಕಡೆಯಿಂದ ಫೋನು ಬರುತ್ತಿತ್ತು. ತಾಯಿ ಅಂಕಿ ಓದುತ್ತಿದ್ದರು, ನಾನು ಎಷ್ಟು ಯೂನಿಟ್ ಎಂದು ಹೇಳುತ್ತಿದ್ದೆ, ಅಂಕಿ ಏರುಪೇರಾಗಿದ್ದರೆ ಡಾಕ್ಟರನ್ನು ಕೇಳಿ ತಿದ್ದುತ್ತಿದ್ದೆ. ಅಂಕಿ ಮುಗಿದ ಮೇಲೆ ಎಮ್ಮೆ ಕರು ಹಾಕಿದ್ದು, ಹಿಂಗಾರಿ ಜೋಳ ತೆನೆ ಬಿಟ್ಟದ್ದು. ಆ ಹತ್ತು ನಿಮಿಷಕ್ಕಾಗಿ ಏಳಕ್ಕೇ ಚಹಾ ಮಾಡಿಕೊಂಡು ಕೂರುತ್ತಿದ್ದೆ. ಕೆಲವು ವಾರದ ಮೇಲೆ ಅಂಕಿ ಓದುವುದು ಹುಡುಗಿಯ ಪಾಲಿಗೆ ಬಂತು. ಎಷ್ಟು ಯೂನಿಟ್ ಎಂದು ನಾನು ಹೇಳುವ ಮುಂಚೆ ಅವಳೇ ಹೇಳುತ್ತಿದ್ದಳು. ತಪ್ಪುತ್ತಿರಲಿಲ್ಲ.

ಬೇಸಿಗೆ ಬರುವ ಹೊತ್ತಿಗೆ ಒಂದು ಬೆಳಿಗ್ಗೆ ಅವಳ ದನಿ ಬೇರೆಯಿತ್ತು. "ಅಕ್ಕಾರ, ನಿನ್ನೆ ಸಾಲಿಗೆ ಹೋಗೂ ದಾರ್ಯಾಗ ಕೈ ನಡಗಿದ್ವುರಿ. ಯಾರೂ ಇರಲಿಲ್ರಿ. ಒಬ್ಬಾಕಿನ ಕಟ್ಟಿ ಮ್ಯಾಲ ಕುಂತ ಮೂರ ತಿಂದ್ನಿ. ಹದಿನೈದ ನಿಮಿಷ ಆದಮ್ಯಾಲ ಎದ್ದ ಹೋಗಿ ಟೀಚರಿಗೆ ಹೇಳಿ ರೊಟ್ಟಿ ತಿಂದ್ನಿರಿ."

"ಅಂಜಿಕಿ ಬಂತೇನವ್ವಾ?"

"ಮೊದಲ ಬಂತ್ರಿ. ತಿಂದಮ್ಯಾಲ ಹೋತ್ರಿ."

ಅವ್ವ ಫೋನು ತೆಗೆದುಕೊಂಡರು. "ಇನ್ನ ದಿನಾ ನಿಮಗ ತ್ರಾಸ ಕೊಡೂದ ಬ್ಯಾಡ ಅಂತಾಳ್ರಿ. ಎಲ್ಲಾ ತಾನಾ ಮಾಡಕೋತಾಳ. ಏನರ ಹೆಚ್ಚುಕಡಿಮಿ ಆದರ ಅಷ್ಟ ಫೋನ ಮಾಡತೇವ್ರಿ. ನಡಿತೈತಿಲ್ರಿ?"

"ಬಾಳ ಚಲೋ ಆತ್ರಿ. ನಡಿತೈತ್ರಿ," ಎಂದೆ.

ಮರುದಿನವೂ ಏಳಕ್ಕೆ ಚಹಾ ಮಾಡಿದೆ. ಏಳೂವರೆಯಾಯಿತು, ಎಂಟಾಯಿತು, ಫೋನು ಬರಲಿಲ್ಲ. ಫೋನು ಬರಲಿಲ್ಲವೆಂದರೆ ಹುಡುಗಿ ಚೆನ್ನಾಗಿದ್ದಾಳೆಂದು ಅರ್ಥ. ಇಂಥ ಒಳ್ಳೆಯ ಸುದ್ದಿ ನನಗೆ ಬಹಳ ದಿನಗಳಿಂದ ಬಂದಿರಲಿಲ್ಲ. ಹೇಳಿಕೊಳ್ಳೋಣವೆಂದರೆ ಖೋಲಿಯಲ್ಲಿ ಯಾರೂ ಇರಲಿಲ್ಲ.